ಸೊನ್ನೆ ಸೌತೆಕಾಯಿ

ಈ ಕತೆಯ ಸೊಸೆ ದಿನಕ್ಕೆ ಎಂಟು ಗಂಟೆ ತರಕಾರಿ ಹೆಚ್ಚುತ್ತಿದ್ದಳು, ಆದರೆ ಮನೆಯಲ್ಲಲ್ಲ. ಮನೆಯಲ್ಲಿ ಅವಳ ಕೈಗೆ ಯಾರೂ ಚಾಕು ಕೊಡುತ್ತಿರಲಿಲ್ಲ. ಅಲ್ಲಿನ ಅಡುಗೆಮನೆ ಅತ್ತೆಯದು. ಅವಳು ಹೆಚ್ಚುತ್ತಿದ್ದದ್ದು ಆಹಾರ ಪರೀಕ್ಷಾಲಯದ ಎರಡನೇ ಮಹಡಿಯಲ್ಲಿ, ಬಿಳಿ ಕೋಟು ಹಾಕಿಕೊಂಡು, ಕೈಗವಸು ತೊಟ್ಟುಕೊಂಡು. ಮಾರುಕಟ್ಟೆಗೆ ಬರುವ ಕಾಯಿ, ಹಣ್ಣು, ಸೊಪ್ಪುಗಳಲ್ಲಿ ಕೀಟನಾಶಕ ಎಷ್ಟು ಉಳಿದುಕೊಂಡಿದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಪರೀಕ್ಷೆಗೆ ಬಂದದ್ದನ್ನು ತೊಳೆಯುವ ಹಾಗಿಲ್ಲ, ಬಾಳೆಹಣ್ಣನ್ನೂ ಸಿಪ್ಪೆ ಸಮೇತ ರುಬ್ಬಬೇಕು. ನಿಯಮವೇ ಹಾಗೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ಅತ್ತೆ, ತೊಳೆಯದೆ ರುಬ್ಬುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಮಗನನ್ನು ಗುಟ್ಟಾಗಿ ವಿಚಾರಿಸಿದ್ದರು. ಆಮೇಲೆ ಎಷ್ಟೋ ದಿನ ಸೊಸೆ ಮುಟ್ಟಿದ ಪಾತ್ರೆಯನ್ನು ಎರಡೆರಡು ಸಲ ತಿಕ್ಕುತ್ತಿದ್ದರು.

ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧ. ಜಗಳವೇನೂ ಇರಲಿಲ್ಲ, ಜಗಳ ಆಡುವುದಕ್ಕಾದರೂ ಒಂದಿಷ್ಟು ಮಾತಾಡಬೇಕಲ್ಲ. "ಊಟಕ್ಕೆ ಬಾ", "ಬಂದೆ ಅತ್ತೆ", ಇಷ್ಟರಲ್ಲೇ ಮೂರು ವರ್ಷ ಕಳೆದುಹೋಗಿತ್ತು. ಆ ಮೌನವನ್ನು ಮುರಿದದ್ದು ಒಂದು ಸೌತೆಕಾಯಿ.

ಅದು ಹೀಗೆ. ತರಕಾರಿಯಲ್ಲಿ ವಿಷ ಎಷ್ಟಿದೆ ಎಂದು ಯಂತ್ರ ಹೇಳಬೇಕಾದರೆ, ವಿಷವೇ ಇಲ್ಲದ ಅದೇ ತರಕಾರಿ ಹೇಗಿರುತ್ತದೆಂದು ಮೊದಲು ಅದಕ್ಕೆ ತೋರಿಸಬೇಕು. ಇದಕ್ಕೆ ಅವರು ಖಾಲಿ ಮಾದರಿ ಎನ್ನುತ್ತಾರೆ. ಎಣ್ಣೆ ಅಳೆಯುವ ಅಂಗಡಿಯವನು ಪಾತ್ರೆಯ ತೂಕವನ್ನು ಮೊದಲೇ ಕಳೆದುಬಿಡುತ್ತಾನಲ್ಲ, ಹಾಗೆ ಯಂತ್ರವೂ ಖಾಲಿ ಮಾದರಿಯಲ್ಲಿ ಇರುವುದನ್ನೆಲ್ಲ ಕಳೆದು ಮಿಕ್ಕದ್ದನ್ನು ಹೇಳುತ್ತದೆ. ಪರೀಕ್ಷಾಲಯಕ್ಕೆ ಏನೂ ಸಿಂಪಡಿಸದ ಸೌತೆಕಾಯಿ ಬೇಕಾಗಿತ್ತು. ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಮನೆಯ ಹಿಂದಿನ ಗೋಡೆಯ ಪಕ್ಕ ಮಂಚದಷ್ಟು ಜಾಗದಲ್ಲಿ ಅತ್ತೆ ಸೌತೆ ಬಳ್ಳಿ ಹಬ್ಬಿಸಿದ್ದರು. ಹಾಕುತ್ತಿದ್ದದ್ದು ನೀರು ಮತ್ತು ಕಾಫಿ ಸೋಸಿದ ಗಸಿ, ಅಷ್ಟೇ. ಸೊಸೆ ಹಿಂಜರಿಯುತ್ತಲೇ ಒಂದು ಕಾಯಿ ಕೇಳಿದಳು. ಯಂತ್ರಕ್ಕೆ ಕೊಟ್ಟು ನೋಡಿದರೆ ಸೊನ್ನೆ. ಇನ್ನೂರು ಬಗೆಯ ಕೀಟನಾಶಕ ಹುಡುಕುವ ಯಂತ್ರ ಒಂದನ್ನೂ ಕಾಣದೆ ಸುಮ್ಮನಾಯಿತು. ಪರೀಕ್ಷಾಲಯದ ಮುಖ್ಯಸ್ಥರು ಎದ್ದು ನಿಂತು ಆ ಕಾಗದವನ್ನು ಓದಿದರು.

ಅವತ್ತು ಸಂಜೆ ಸೊಸೆ "ಸೊನ್ನೆ ಬಂತು ಅತ್ತೆ" ಅಂದಾಗ, ಸೊನ್ನೆ ಎಂದರೆ ಫೇಲಾಯಿತೆಂದು ತಿಳಿದು ಅತ್ತೆಯ ಮುಖ ಸಪ್ಪೆಯಾಯಿತು. ವಿವರಿಸಿ ಹೇಳಿದ ಮೇಲೆ ಅವರು ಇಡೀ ಬೀದಿಗೆ ಸಾರಿಕೊಂಡು ಬಂದರು. ಅಂದಿನಿಂದ ಭಾನುವಾರ ಸಂಜೆ ಇಬ್ಬರೂ ಮೇಜಿನ ಎದುರು ಕೂತು ನಾಲ್ಕು ಸೌತೆಕಾಯಿಗಳನ್ನು ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಅರಗು ಒತ್ತುವುದು ರೂಢಿಯಾಯಿತು. ಹತ್ತು ನಿಮಿಷದ ಕೆಲಸ. ಅದು ಹೋಗುತ್ತಾ ಹೋಗುತ್ತಾ ಒಂದು ಗಂಟೆಯಾಯಿತು. ಅತ್ತೆ ತಮ್ಮ ಮದುವೆಯ ಕತೆ ಹೇಳುತ್ತಿದ್ದರು, ಸೊಸೆ ಮುಖ್ಯಸ್ಥರ ನಡಿಗೆಯನ್ನು ನಕಲು ಮಾಡಿ ತೋರಿಸುತ್ತಿದ್ದಳು. ಗಂಡ ಬಂದರೆ ಇಬ್ಬರೂ ಸೇರಿ ಅವನ ಕೈಗೆ ಕೂಸನ್ನು ಕೊಟ್ಟು ಹೊರಗಟ್ಟುತ್ತಿದ್ದರು.

ಒಂದೇ ಒಂದು ಕಟ್ಟಳೆ ಇತ್ತು, ಅದನ್ನು ಮಾಡಿದವಳು ಸೊಸೆಯೇ. ದಿನವಿಡೀ ಕೀಟನಾಶಕದ ಸೀಸೆಗಳ ನಡುವೆ ಇರುವ ತಾನು ಆ ಬಳ್ಳಿಯ ಹತ್ತಿರ ಸುಳಿಯಬಾರದು, ತನ್ನ ಬಟ್ಟೆಯಿಂದ ಏನಾದರೂ ತಗುಲೀತು ಎಂದಳು. ಅತ್ತೆ ಕೂಡಲೇ ಹಿತ್ತಲಿನ ಬಾಗಿಲಿಗೆ ಚಿಲಕ ಹಾಕಿಸಿದರು.

ಇನ್ನು ಸೊಸೆಯ ತಪ್ಪು. ಖಾಲಿ ಮಾದರಿ ನಿಜಕ್ಕೂ ಖಾಲಿಯೇ ಎಂದು ಪ್ರತಿ ವಾರ ಪ್ರತ್ಯೇಕವಾಗಿ ನೋಡಿ, "ಪರೀಕ್ಷಿಸಿದೆ: ಸೊನ್ನೆ" ಎಂದು ಬರೆದು ಸಹಿ ಹಾಕಬೇಕು. ಮೊದಲ ಎಂಟು ವಾರ ಅವಳು ನೋಡಿದಳು. ಎಂಟೂ ಸಲ ಸೊನ್ನೆ. ಒಂಬತ್ತನೇ ಸೋಮವಾರ ಕೆಲಸ ಕುತ್ತಿಗೆವರೆಗೆ ಬಂದಿತ್ತು. ಅತ್ತೆಯ ಕಾಯಿ ತಾನೇ ಎಂದು ನೋಡದೆ ಬರೆದಳು. ಹತ್ತನೇ ವಾರವೂ ಹಾಗೆಯೇ ಆಯಿತು. ಆಮೇಲೆ ನೋಡುವುದೇ ಅತ್ತೆಗೆ ಮಾಡುವ ಅವಮಾನ ಎಂದು ತನಗೆ ತಾನೇ ಹೇಳಿಕೊಂಡಳು. ಸೋಮಾರಿತನಕ್ಕೆ ಇಷ್ಟು ಚೆಂದದ ಬಟ್ಟೆ ತೊಡಿಸಿದವರನ್ನು ನಾನು ಕಂಡಿಲ್ಲ. ನಾಲ್ಕು ವರ್ಷ ಸೋಮವಾರ ತಪ್ಪದೆ ಮನೆಗೆ ಬಂದು "ಸೊನ್ನೆ ಬಂತು ಅತ್ತೆ" ಎಂದು ಮಾತ್ರ ಹೇಳುತ್ತಿದ್ದಳು.

ಈ ನಡುವೆ ಪರೀಕ್ಷಾಲಯಕ್ಕೇ ಪರೀಕ್ಷೆ ಬಂತು. ವರ್ಷಕ್ಕೊಮ್ಮೆ ಮೇಲಿನ ಕಚೇರಿಯವರು ರುಬ್ಬಿದ ಸೌತೆಕಾಯಿಗೆ ತಾವೇ ವಿಷ ಬೆರೆಸಿ, ಎಷ್ಟು ಬೆರೆಸಿದ್ದೇವೆ ಹೇಳಿ ನೋಡೋಣ ಎಂದು ಎಲ್ಲ ಪರೀಕ್ಷಾಲಯಗಳಿಗೂ ಕಳಿಸುತ್ತಾರೆ. ಹೋದ ವರ್ಷ ಇವರು ಹೇಳಿದ್ದು ಇದ್ದುದರ ಅರ್ಧವೂ ಆಗಿರಲಿಲ್ಲ. ಈ ಸಲವೂ ತಪ್ಪಿದರೆ ವರದಿ ಕೊಡುವ ಹಕ್ಕು ರದ್ದು, ಸಹಿ ಹಾಕಿದವಳ ಕೆಲಸಕ್ಕೂ ಸಂಚಕಾರ ಎಂದು ಪತ್ರ ಬಂದಿತ್ತು.

ಸೋಮವಾರ ಪೊಟ್ಟಣ ಬಂತು. ಅದರ ಜೊತೆ ಮೇಲಿನವರೇ ಕಳಿಸಿದ ಒಂದು ಸೀಸೆ ಖಾಲಿ ಮಾದರಿಯೂ ಇತ್ತು. ಹೋದ ವರ್ಷವೂ ಅಂಥದೊಂದು ಸೀಸೆ ಬಂದಿತ್ತು. ಅತ್ತೆಯ ಸೌತೆಕಾಯಿ ಇರುವಾಗ ಇದ್ಯಾಕೆ ಎಂದು ಎಲ್ಲರೂ ನಕ್ಕು, ಫ್ರೀಜರಿನ ಮೂಲೆಗೆ ತಳ್ಳಿದ್ದರು. ಈ ಸಲ ಸೊಸೆಗೆ ನಗು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಮೇಲಿನವರ ಸೀಸೆಯನ್ನೂ ಅತ್ತೆಯ ಸೌತೆಕಾಯಿಯನ್ನೂ ಪಕ್ಕಪಕ್ಕದಲ್ಲಿಟ್ಟು ಯಂತ್ರಕ್ಕೆ ಕೊಟ್ಟಳು. ಸೀಸೆಯದಕ್ಕೆ ಪರದೆಯ ಮೇಲೆ ಗೆರೆ ಸಪಾಟಾಗಿ ಬಂತು, ಅಂದರೆ ಸೊನ್ನೆ. ಅತ್ತೆಯದರಲ್ಲಿ ಗೆರೆಯ ಮಧ್ಯೆ ಕೀಟನಾಶಕದ ದೊಡ್ಡದೊಂದು ಗೋಪುರ ಎದ್ದು ನಿಂತಿತು.

ಅವಳು ಲೆಕ್ಕ ಹಾಕಿದಳು. ಕಿಲೋಗೆ ಮಿಲಿಗ್ರಾಂನ ಮೂರನೇ ಒಂದು ಭಾಗ. ಆ ಕೀಟನಾಶಕಕ್ಕೆ ಕಾನೂನು ಹಾಕಿದ ಮಿತಿ ಅರ್ಧ ಮಿಲಿಗ್ರಾಂ, ಆದ್ದರಿಂದ ತಿನ್ನಲು ಅಡ್ಡಿಯಿಲ್ಲ, ಅಂಗಡಿಯಲ್ಲಿಟ್ಟರೆ ಪಾಸು. ಆದರೆ ಅಳೆಯುವ ಪಾತ್ರೆಯಲ್ಲೇ ಎಣ್ಣೆ ಇದ್ದ ಹಾಗಾಯಿತಲ್ಲ. ಯಂತ್ರ ಇಷ್ಟನ್ನು ಎಲ್ಲರ ಲೆಕ್ಕದಿಂದಲೂ ಕಳೆಯುತ್ತಿತ್ತು. ಮಿತಿ ದಾಟಿದ ಎಷ್ಟೋ ಸೌತೆಕಾಯಿ ಒಳ್ಳೆಯ ಹುಡುಗರ ಹಾಗೆ ಪಾಸಾಗಿ ಮಾರುಕಟ್ಟೆಗೆ ಹೋಗಿರಬೇಕು. ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ವಾರಗಳ ಚೂರುಗಳನ್ನೂ ತೆಗೆದು ನೋಡಿದಳು. ಎರಡು ವರ್ಷದ ಹಿಂದಿನವರೆಗೂ ಹೆಚ್ಚು ಕಡಿಮೆ ಅದೇ ಗೋಪುರ. ಅದಕ್ಕೂ ಹಿಂದಿನದು ಸೊನ್ನೆ.

ಮಧ್ಯಾಹ್ನವೇ ಮನೆಗೆ ಓಡಿದಳು. ಪಕ್ಕದ ಮನೆಯವನು ಗೋಡೆಯಾಚೆಯಿಂದ ಏನೋ ಸಿಂಪಡಿಸಿರಬೇಕು, ಇವತ್ತು ಅವನಿಗೆ ಗ್ರಹಚಾರ ಬಿಡಿಸುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೇ ಬಂದಳು. ಹಿತ್ತಲಿನ ಬಾಗಿಲಿಗೆ ಅವತ್ತು ಚಿಲಕ ಹಾಕಿರಲಿಲ್ಲ. ಒಳಗೆ ಕಾಲಿಟ್ಟರೆ ಬಳ್ಳಿಯೇ ಇಲ್ಲ. ಬಳ್ಳಿಗೆ ನೆಟ್ಟಿದ್ದ ಕೋಲುಗಳ ಮೇಲೆ ಒದ್ದೆ ಟವೆಲುಗಳು ಒಣಗುತ್ತಿದ್ದವು. ಅತ್ತೆ ಮಣೆಯ ಮೇಲೆ ಕೂತು, ಬೋಗುಣಿಯಲ್ಲಿ ಕಲಸಿದ ಕೆಸರನ್ನು ಅಂಗಡಿಯ ಸೌತೆಕಾಯಿಗೆ, ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ಜೋಪಾನವಾಗಿ ಸವರುತ್ತಿದ್ದರು. ಮುಂದಿನ ವಾರಕ್ಕೆ ಈಗಲೇ ತಯಾರಿ.

ಅತ್ತೆಯೇ ಮೊದಲು ಬಾಯಿಬಿಟ್ಟರು. ಎರಡು ವರ್ಷದ ಹಿಂದೆ ಬಳ್ಳಿಗೆ ಎಂಥದೋ ಹುಳ ಹತ್ತಿ ಒಂದೇ ವಾರದಲ್ಲಿ ಒಣಗಿಹೋಯಿತಂತೆ. ಮತ್ತೆ ಹಾಕಿದ್ದೂ ಬರಲಿಲ್ಲವಂತೆ. ಅದಕ್ಕೆ ಬೀದಿ ಕೊನೆಯ ಗಾಡಿಯಿಂದ ತಂದು, ತೋಟದ್ದು ಅನ್ನಿಸಲಿ ಅಂತ ಮಣ್ಣು ಹಚ್ಚಿದರಂತೆ.

"ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ಭಾನುವಾರ ನೀನು ಯಾಕೆ ನನ್ನ ಜೊತೆ ಕೂರ್ತಿದ್ದೆ?" ಅತ್ತೆ ಕಾಯಿಯನ್ನು ಬೋಗುಣಿಯಲ್ಲಿ ಇಟ್ಟರು. "ಮೊದಲನೇ ಸಲ ಜೀವ ಕೈಯಲ್ಲಿ ಹಿಡ್ಕೊಂಡು ಕಾದಿದ್ದೆ ಕಣೇ. ಸಂಜೆ ಬಂದು ಸೊನ್ನೆ ಅಂದೆ. ಸರಿ, ಆ ಗಾಡಿಯವನದ್ದೂ ಚೊಕ್ಕ ಮಾಲೇ ಅಂತ ಧೈರ್ಯ ಬಂತು. ಈಗೇನು, ಬೇರೆ ಏನಾದ್ರೂ ಬಂತಾ?"

ನಾನು ನೋಡಿಯೇ ಇರಲಿಲ್ಲ ಎಂದು ಹೇಳುವುದಕ್ಕೆ ಅದೇ ಸರಿಯಾದ ಸಮಯ, ಸೊಸೆಗೂ ಅದು ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಈ ವಾರದ್ದರಲ್ಲಿ ಮಾತ್ರ ಸ್ವಲ್ಪ ಇದೆ ಅತ್ತೆ. ಹಿಂದಿನದೆಲ್ಲ ಸೊನ್ನೆನೇ."

"ಸದ್ಯ" ಅಂದರು ಅತ್ತೆ. ಅಷ್ಟು ದೊಡ್ಡ ಉಸಿರು ಬಿಟ್ಟು ಹಾಗೆ ಅನ್ನುವಂಥದ್ದು ಇದರಲ್ಲಿ ಏನಿದೆ ಎಂದು ಸೊಸೆಗೆ ತಿಳಿಯಲಿಲ್ಲ. ಅತ್ತೆ ಎದ್ದು, ಬೋಗುಣಿಯಲ್ಲಿದ್ದ ಕಾಯಿಗಳನ್ನೆಲ್ಲ ಕಸದ ಡಬ್ಬಕ್ಕೆ ಸುರಿದು ಕೈ ತೊಳೆದುಕೊಂಡರು.

ಮರುದಿನ ಸೊಸೆ ಮೇಲಿನವರ ಸೀಸೆಯನ್ನೇ ಬಳಸಿ ಪೊಟ್ಟಣದ ಪರೀಕ್ಷೆ ಮುಗಿಸಿ ಉತ್ತರ ಕಳಿಸಿದಳು. ಈ ಸಲ ಉತ್ತರ ಸರಿಯಾಗಿದೆ ಎಂದು ಅವಳಿಗೆ ಖಾತ್ರಿಯಿತ್ತು. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಇವರನ್ನು ಎಲ್ಲರೂ ಮಿತಿ ಸಾಹೇಬರು ಎಂದು ಕರೆಯುತ್ತಿದ್ದರು. ಚಹಾಕ್ಕೆ ಸಕ್ಕರೆಯನ್ನೂ ತಕ್ಕಡಿಯಲ್ಲಿ ತೂಗಿ ಹಾಕಿಕೊಳ್ಳುವ ಮನುಷ್ಯ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಹಳೆಯದನ್ನು ಕೆದಕಿದರೆ ಎರಡು ವರ್ಷದ ವರದಿಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕು, ಮಾರುಕಟ್ಟೆಯಲ್ಲಿ ಗಾಬರಿಯಾಗುತ್ತದೆ. ಕೆದಕಬೇಡಿ ಎಂದು ತಾನು ಹೇಳುತ್ತಿಲ್ಲ. ಕೆದಕಿ ಎಂದೂ ಹೇಳುತ್ತಿಲ್ಲ. ಆ ಸೌತೆಕಾಯಿಗಳನ್ನು ಜನ ಯಾವಾಗಲೋ ತಿಂದು ಮುಗಿಸಿದ್ದಾರೆ, ಯಾರೂ ದೂರು ಕೊಟ್ಟಿಲ್ಲ. ಶುಕ್ರವಾರ ತಪಾಸಣೆ ಅಧಿಕಾರಿ ಬರುತ್ತಾರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಸಾಕು.

ಸೊಸೆಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ. ಕೆಲಸವೂ ಉಳಿಯಿತು, ಅತ್ತೆಯ ಮುಂದೆ ಮರ್ಯಾದೆಯೂ ಉಳಿಯಿತು ಎಂದು ಆ ಎರಡು ದಿನ ಚೆನ್ನಾಗಿಯೇ ನಿದ್ದೆ ಮಾಡಿದಳು.

ಶುಕ್ರವಾರ ಬಂದ ಅಧಿಕಾರಿ ತೆಳ್ಳಗೆ ಕಡ್ಡಿಯ ಹಾಗಿದ್ದರು. ಕಡತ ಓದುವಾಗ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು ಓದುವವರು. ಅವರ ಕೈಯಲ್ಲಿ ಪಾರಾದ ಕಡತ ಇಲ್ಲ ಎಂದು ಮಿತಿ ಸಾಹೇಬರು ಬೆವರುತ್ತಲೇ ಹೇಳಿದ್ದರು. ಖಾಲಿ ಮಾದರಿಯ ಕಡತ ತೆರೆದವರು ಒಂದೊಂದೇ ಹಾಳೆ ತಿರುವಿದರು. ನಾಲ್ಕು ವರ್ಷದ ಸೋಮವಾರಗಳು, ಒಂದೂ ತಪ್ಪಿಲ್ಲ, ಪ್ರತಿ ಹಾಳೆಯಲ್ಲೂ ಅದೇ ಮುದ್ದಾದ ಅಕ್ಷರ, ಸೊನ್ನೆ, ಸಹಿ. ಅವರು ಕನ್ನಡಕ ತೆಗೆದರು. ಮೂವತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕಡತ ಕಂಡಿಲ್ಲ ಅಂದರು. ಸೊಸೆ ನೆಲ ನೋಡಿದಳು. ಅದನ್ನು ಅವರು ವಿನಯ ಎಂದುಕೊಂಡರು.

ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕೆಲವರಿಗೆ ಮೆಚ್ಚುಗೆ ಬಂದರೆ ಸಿಟ್ಟು ಬಂದದ್ದಕ್ಕಿಂತ ಅಪಾಯ. ಈ ಸೌತೆಕಾಯಿ ಬೆಳೆಯುವ ಮಹಾತಾಯಿಯನ್ನು ನೋಡಲೇಬೇಕು ಎಂದು ಅವರು ಪಟ್ಟು ಹಿಡಿದರು. ಮಿತಿ ಸಾಹೇಬರು ಫೋನು ಹಚ್ಚಿದರು. ಮುಕ್ಕಾಲು ಗಂಟೆಯಲ್ಲಿ ಅತ್ತೆ ಮದುವೆಮನೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಕೂರುವ ಮೊದಲು ಸೊಸೆಯ ಕಡೆ ಒಂದು ನೋಟ ಹಾಯಿಸಿದರು. ನಿನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಅಭಯ ಅದರಲ್ಲಿತ್ತು.

ಗಿಡಕ್ಕೆ ಏನು ಹಾಕುತ್ತೀರಿ ಎಂದು ಅಧಿಕಾರಿ ಕೇಳಿದರು. ನೀರು ಮತ್ತು ಕಾಫಿ ಗಸಿ ಎಂದರು ಅತ್ತೆ, ನೀರು ಕುಡಿದಷ್ಟು ಸಲೀಸಾಗಿ. ಹುಳ ಬಂದರೆ? ಕೈಯಿಂದಲೇ ಹೆಕ್ಕಿ ಬಿಸಾಡುತ್ತೇನೆ. ಅದಕ್ಕೆ ಬೇಜಾರಾಗುವುದಿಲ್ಲವೇ? ಮಕ್ಕಳ ತಲೆಯ ಹೇನು ಹೆಕ್ಕುವುದಕ್ಕೆ ಬೇಜಾರು ಪಟ್ಟರೆ ಆಗುತ್ತದೆಯೇ. ಅಧಿಕಾರಿ ಇದನ್ನೆಲ್ಲ ಬರೆದುಕೊಂಡರು. ಮಿತಿ ಸಾಹೇಬರು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ತಮಗೆ ನಿಜ ಗೊತ್ತಿದೆ ಎಂಬುದನ್ನೇ ಅವರು ಮರೆತ ಹಾಗಿತ್ತು.

"ಇನ್ನೂ ಹನ್ನೊಂದು ಪರೀಕ್ಷಾಲಯ ಇವೆ ತಾಯಿ" ಅಂದರು ಅಧಿಕಾರಿ. "ಒಂದರಲ್ಲೂ ಇಂಥ ಖಾಲಿ ಮಾದರಿ ಇಲ್ಲ. ಎಲ್ಲಕ್ಕೂ ನಿಮ್ಮ ಕಾಯೇ ಹೋಗಲಿ. ವಾರಕ್ಕೆ ಇಪ್ಪತ್ತು ಕಿಲೋ ಸಾಕು."

ಅತ್ತೆಯ ಕೈ ತನಗೆ ತಾನೇ ಸೆರಗಿನ ತುದಿ ಹಿಂಡತೊಡಗಿತು. ಇಪ್ಪತ್ತು ಕಿಲೋಗೆ ಕೆಸರು ಸವರಬೇಕಾದರೆ ಎಷ್ಟು ಬೋಗುಣಿ ಬೇಕಾದೀತು ಎಂದು ಅವರು ಲೆಕ್ಕ ಹಾಕುತ್ತಿದ್ದಾರೆಂದು ಸೊಸೆಗೆ ಸ್ಪಷ್ಟವಾಗಿ ಕಂಡಿತು. ನಗು ಬಂದುಬಿಟ್ಟಿತು. ಆ ನಗು ಅರ್ಧಕ್ಕೇ ನಿಂತಿತು. ಆ ಹನ್ನೊಂದು ಕಡೆಯೂ ತನ್ನಂಥ ಹನ್ನೊಂದು ಜನ ಕೂತು, ಇಷ್ಟು ಒಳ್ಳೆಯ ಕಾಯಿಯನ್ನು ಮತ್ತೆ ನೋಡುವುದೇನು ಎಂದು ಸೊನ್ನೆ ಬರೆಯುತ್ತಾರೆ. ಅವಳಿಗೆ ಹೆದರಿಕೆಯಾಯಿತು, ನಾಚಿಕೆಯಾಯಿತು. ಯಾವುದು ಹೆಚ್ಚು ಎಂದು ಅವಳ ಯಂತ್ರಕ್ಕೂ ಹೇಳಲಾಗುತ್ತಿರಲಿಲ್ಲ.

"ಆ ಕಾಯಿ ಖಾಲಿ ಅಲ್ಲ ಸಾರ್" ಅಂದಳು. "ಎರಡು ವರ್ಷದಿಂದ ಅದರಲ್ಲಿ ಕೀಟನಾಶಕ ಇದೆ."

ಮಿತಿ ಸಾಹೇಬರಿಗೆ ಚಹಾ ನೆತ್ತಿಗೇರಿತು. ಅತ್ತೆ ಕೂತಲ್ಲಿಂದಲೇ ಮುಂದೆ ಬಾಗಿ ಸೊಸೆಯನ್ನು ಅಡ್ಡಗಟ್ಟಿದರು. ತಪ್ಪೆಲ್ಲ ತನ್ನದು, ಬಳ್ಳಿ ಸತ್ತುಹೋಗಿದೆ, ತಾನು ಗಾಡಿಯಿಂದ ತಂದದ್ದು, ಈ ಹುಡುಗಿಗೆ ಏನೂ ತಿಳಿಯದು ಎಂದರು. ಇವಳು ಪ್ರತಿ ವಾರವೂ ಕಣ್ಣಲ್ಲಿ ಕಣ್ಣಿಟ್ಟು ಪರೀಕ್ಷೆ ಮಾಡಿದ್ದಾಳೆ, ಎಲ್ಲದಕ್ಕೂ ಸೊನ್ನೆಯೇ ಬಂದಿದೆ, ಈ ವಾರ ಮಾತ್ರ ಏನೋ ಸ್ವಲ್ಪ ಹೆಚ್ಚುಕಮ್ಮಿಯಾಯಿತಂತೆ. ಬೇಕಾದರೆ ಆ ಹಾಳೆಗಳನ್ನೇ ನೋಡಿ ಎಂದು ಕಡತವನ್ನು ತಾವೇ ಅಧಿಕಾರಿಯ ಮುಂದೆ ಸರಿಸಿದರು.

"ನಾನು ನೋಡಿಲ್ಲ ಅತ್ತೆ."

"ಏನು ನೋಡಿಲ್ಲ?"

"ಒಂದು ವಾರನೂ ನೋಡಿಲ್ಲ. ಮೊದಲ ಎಂಟು ವಾರ ಬಿಟ್ರೆ, ನಾಲ್ಕು ವರ್ಷ ಸುಮ್ನೆ ಸೊನ್ನೆ ಬರೆದೆ. ನಿಮಗೂ ಸುಮ್ನೆ ಹೇಳಿದೆ."

ಅತ್ತೆ ಕಡತದ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದರು. ಅಧಿಕಾರಿ, ಮಿತಿ ಸಾಹೇಬರು, ಆ ಕೋಣೆ, ಯಾವುದೂ ಅವರಿಗೆ ಕಾಣುತ್ತಿರಲಿಲ್ಲ.

"ನೀನು ಸೊನ್ನೆ ಅಂದೆ ಅಂತಲೇ ಕಣೇ, ನಾನು ಆ ಗಾಡಿ ಬಿಟ್ಟು ಬೇರೆ ಕಡೆ ತಗೊಳ್ಳಲಿಲ್ಲ" ಅಂದರು ಮೆಲ್ಲಗೆ. "ನಾಲ್ಕು ನಿನಗೆ ಕೊಡ್ತಿದ್ದೆ. ಮಿಕ್ಕಿದ್ದನ್ನ ಮಗೂಗೆ ಹೆಚ್ಚಿ ಕೊಡ್ತಿದ್ದೆ. ದಿನಾ. ಅವಳು ಬೇರೆ ಏನೂ ತಿನ್ನಲ್ಲ, ಇದಾದ್ರೂ ತಿನ್ನಲಿ, ಅವರಮ್ಮ ಯಂತ್ರದಲ್ಲಿ ನೋಡಿದ್ದಾಳಲ್ಲ ಅಂತ."

ಸೊಸೆಯ ಮಗಳಿಗೆ ಆಗ ನಾಲ್ಕು ವರ್ಷ. ತಾಯಿ ಕೆಲಸಕ್ಕೆ ಹೋದ ಮೇಲೆ ಅಜ್ಜಿಯೇ ಅವಳಿಗೆ ಎಲ್ಲ. "ಮಿತಿಯೊಳಗೇ ಇತ್ತು ಅತ್ತೆ, ಏನೂ ಆಗಲ್ಲ" ಅಂದಳು ಸೊಸೆ. ಇದೇ ಮಾತನ್ನು ಪರೀಕ್ಷಾಲಯಕ್ಕೆ ಫೋನು ಮಾಡಿದ ಸಾವಿರ ಜನಕ್ಕೆ ಅವಳು ಹೇಳಿದ್ದಳು. ನಿಜವಾದ ಮಾತೇ, ಮಿತಿಯನ್ನು ಹಾಕುವಾಗ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ, ಅದು ಅವಳಿಗೆ ಬಾಯಿಪಾಠ. ಅವತ್ತು ಮಾತ್ರ ಅದನ್ನು ಅವಳೇ ನಂಬಲಿಲ್ಲ. ಯಾಕೆಂದರೆ ಫ್ರೀಜರಿನಲ್ಲಿ ಉಳಿದಿದ್ದದ್ದು ಕೆಲವು ವಾರಗಳ ಚೂರು ಮಾತ್ರ. ಉಳಿದ ವಾರಗಳಲ್ಲಿ ಎಷ್ಟಿತ್ತು ಎಂದು ಯಾರಿಗೂ ಗೊತ್ತಿಲ್ಲ. ಯಾರೂ ನೋಡಿರಲಿಲ್ಲ.

ಅಧಿಕಾರಿ ಬಹಳ ಹೊತ್ತು ಸ್ಕೇಲನ್ನು ಮೇಜಿನ ಮೇಲೆ ನೇರ ಮಾಡುತ್ತಾ ಕೂತಿದ್ದರು. ಆಮೇಲೆ ಒಂದು ನಮೂನೆ ತೆಗೆದರು. ಅದರಲ್ಲಿ ತಪ್ಪಿನ ಮೂಲ ಕಾರಣ ಬರೆಯಲು ಒಂದೇ ಒಂದು ಚಿಕ್ಕ ಚೌಕ. ಮೊದಲು ತನ್ನ ಹೆಸರು ಬರೆಯಬೇಕು, ವಯಸ್ಸಿನಲ್ಲಿ ತಾನೇ ದೊಡ್ಡವಳು ಎಂದು ಅತ್ತೆ ವಾದಿಸಿದರು. ಸಹಿ ನನ್ನದು ಎಂದು ಸೊಸೆ ವಾದಿಸಿದಳು. ಮಿತಿ ಸಾಹೇಬರು ಎರಡೂ ಬೇಡ, ಫ್ರೀಜರು ಎಂದು ಬರೆದರೆ ಹೇಗೆ ಎಂದು ಕೇಳಿ, ಅಧಿಕಾರಿಯ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು. ಕೊನೆಗೆ ಆ ಚೌಕದಲ್ಲಿ ಸೊಸೆ, "ಪರೀಕ್ಷಿಸದೆ ಸಹಿ ಹಾಕಿದ್ದು ನಾನು" ಎಂದು ಬರೆದಳು. ಇಂದಿನಿಂದ ಅವಳ ಸಹಿಗೆ ಬೆಲೆಯಿಲ್ಲ, ಮುಂದಿನದನ್ನು ಮೇಲಿನ ಕಚೇರಿ ತೀರ್ಮಾನಿಸುತ್ತದೆ ಎಂದು ಅಧಿಕಾರಿ ತಿಳಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಚೆಂದದ ಕಡತ ಹಾಳಾಯಿತಲ್ಲ ಎಂಬ ದುಃಖ ಮಾತ್ರ ಇತ್ತು.

ಆಮೇಲೆ ಅವರು ಖಾಲಿ ಹಾಳೆಯೊಂದನ್ನು ಅವಳ ಮುಂದೆ ಸರಿಸಿದರು. ಈ ಸೊನ್ನೆಗಳನ್ನು ನಂಬಿ ಸೌತೆಕಾಯಿ ತಿಂದವರು, ಮಾರಿದವರು ಯಾರು ಯಾರು ಇದ್ದಾರೋ ಅವರಿಗೆಲ್ಲ, ವರದಿ ತಪ್ಪಾಗಿತ್ತು ಎಂದು ಪತ್ರ ಹೋಗಬೇಕು. ಗೊತ್ತಿರುವ ವಿಳಾಸಗಳಿಂದ ಪಟ್ಟಿ ಶುರುಮಾಡಿ ಅಂದರು.

ಸೊಸೆ ಪೆನ್ನು ತೆಗೆದುಕೊಂಡು, ಒಂದನೇ ಸಾಲಿನಲ್ಲಿ ತನ್ನ ಮನೆಯ ವಿಳಾಸ ಬರೆದಳು. ಅತ್ತೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಒಂದೊಂದೇ ಅಕ್ಷರ ಪರೀಕ್ಷಿಸಿದರು.

"ಮನೆ ನಂಬರು ತಪ್ಪು ಬರ್ದಿದ್ದೀಯ" ಅಂದರು. "ಸರಿಯಾಗಿ ನೋಡಿ ಬರಿ."